ಕಾರ್ಬನ್ ಫೈಬರ್ ಭಾಗದ ಮೇಲೆ ಲೋಗೊ: ಬಳ್ಳಾರಿಯ ಬಿಸಿಲಿಗೂ ಏಳದಂತೆ ಕೂರಿಸುವ ಕ್ರಮ

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಯಿಂದ ಔಷಧಿ ಸಿಂಪಡಿಸುವ ಡ್ರೋನಿನ ತೋಳೊಂದು ನನ್ನ ಮೇಜಿಗೆ ಬಂತು. ಕಾರ್ಬನ್ ಕೊಳವೆ, ಅದರ ಮೇಲೆ ಬಿಳಿ ಅಕ್ಷರದ ಹೆಸರು, ಹೆಸರಿನ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟಿನ ಪದರ. ಒಂದು ಅಕ್ಷರದ ಅಂಚಿಗೆ ಉಗುರು ತಾಗಿಸಿದೆ. ಅಕ್ಷರ, ಅದರ ಮೇಲಿನ ಕ್ಲಿಯರ್, ಸುತ್ತಲಿನ ಎರಡು ಬೆರಳಗಲ ಜಾಗ ಎಲ್ಲವೂ ಈರುಳ್ಳಿ ಸಿಪ್ಪೆಯಂತೆ ಒಟ್ಟಿಗೆ ಎದ್ದು ಬಂತು. ಸಿಪ್ಪೆಯ ಒಳಮೈ ಗಾಜಿನಷ್ಟು ನುಣುಪಾಗಿತ್ತು. ಕೆಳಗಿನ ಮೈಯನ್ನು ಯಾರೂ ಉಜ್ಜಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬೈಕಿನ ಮಡ್‌ಗಾರ್ಡ್, ಸೈಕಲ್ಲಿನ ಫ್ರೇಮ್, ಡ್ರೋನಿನ ತಟ್ಟೆ, ಯಾವುದನ್ನು ತಂದವರೂ ಸ್ಟಿಕರನ್ನೇ ಬೈಯುತ್ತಾರೆ. ನಾನು ನೋಡಿದ ಸೋತ ಕೆಲಸಗಳಲ್ಲಿ ಹೆಚ್ಚಿನವು ಸ್ಟಿಕರ್ ಹಚ್ಚುವ ಮೊದಲೇ ಸೋತಿದ್ದವು. ಲೋಗೊ ಕಾರ್ಬನ್ನಿಗೆ ಅಂಟುವುದೇ ಇಲ್ಲ. ಕಾರ್ಬನ್ ನೂಲಿನ ಮೇಲೆ ಎಪಾಕ್ಸಿ ರಾಳದ ಪದರವಿದೆ, ಅನೇಕ ಭಾಗಗಳಲ್ಲಿ ಅದರ ಮೇಲೆ ಇನ್ನೊಂದು ಕ್ಲಿಯರ್ ಪದರವಿದೆ. ನಮ್ಮ ಕೈ ಓಡುವುದು ಆ ಪದರದ ಮೇಲೆ. ಲೋಗೊ ಎರಡು ಕ್ಲಿಯರ್ ಪದರಗಳ ನಡುವೆ ಕೂರಬೇಕು: ಒಂದು ಕೆಳಗೆ, ಒಂದು ಮೇಲೆ. ಕೆಳಗಿನದನ್ನು ಬಿಟ್ಟವರ ಕೆಲಸವೇ ಎದ್ದು ಬರುತ್ತದೆ.

ಮೊದಲು ಉಸಿರಾಟದ ಮಾತು

ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಾಲಿಯುರೆಥೇನ್ ಕ್ಲಿಯರ್, ಗ್ಯಾರೇಜಿನವರು 2ಕೆ ಎನ್ನುವುದು, ಈ ಕೆಲಸಕ್ಕೆ ಸರಿಯಾದ ವಸ್ತು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ಅಪಾಯಕಾರಿ ರಾಸಾಯನಿಕ ಇರುತ್ತದೆ. ಬಟ್ಟೆಯ ಮಾಸ್ಕ್ ಇರಲಿ, ಎನ್95 ಇರಲಿ, ಅದನ್ನು ತಡೆಯುವುದಿಲ್ಲ. ಅದು ಒಮ್ಮೆ ಮೈಗೆ ಒಗ್ಗದೆ ಉಬ್ಬಸ ಹಿಡಿಯಿತೆಂದರೆ, ಆಮೇಲೆ ಸ್ವಲ್ಪವೇ ಸೋಕಿದರೂ ಉಸಿರು ಕಟ್ಟಬಹುದು. ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ನಿಮ್ಮಲ್ಲಿ ಇಲ್ಲದಿದ್ದರೆ ಒಂದು ಕೆಲಸ ಮಾಡಿ: ತೊಳೆಯುವುದು, ಉಜ್ಜುವುದು, ಲೋಗೊ ಕೂರಿಸುವುದು ನಿಮ್ಮ ಕೈಯಲ್ಲಿರಲಿ, ಕ್ಲಿಯರ್ ಹೊಡೆಯುವ ಹಂತಗಳನ್ನು ಬೂತ್ ಇರುವ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿಗೆ ಕೊಡಿ. ಮನೆಯ ಪಡಸಾಲೆಯಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ಇದನ್ನು ಖಂಡಿತ ಹೊಡೆಯಬೇಡಿ.

ಉಜ್ಜುವಾಗ ಏಳುವ ಕಾರ್ಬನ್ ಧೂಳು ಚರ್ಮಕ್ಕೆ ತುರಿಕೆ ತರುತ್ತದೆ, ಅದರಲ್ಲಿ ವಿದ್ಯುತ್ತೂ ಹರಿಯುತ್ತದೆ. ಡ್ರೋನಿನ ಮೋಟಾರು, ಸರ್ಕ್ಯೂಟ್ ಇರುವ ಮೇಜಿನ ಹತ್ತಿರ ನೀರಿಲ್ಲದೆ ಉಜ್ಜಲೇಬಾರದು. ಯಾವಾಗಲೂ ನೀರಿನಲ್ಲಿ ಉಜ್ಜಿ. ಮಾಸ್ಕ್, ಕೈಗವಸು ಇರಲಿ.

ಬೇಕಾದ ಸಾಮಾನು

ನೀರಿನ ಎಮರಿ ಕಾಗದ 400, 600, 800, 1000, 1500, 2000 ನಂಬರಿನವು. ಉಜ್ಜಲು ರಬ್ಬರ್ ಬ್ಲಾಕ್, ಬೂದು ಬಣ್ಣದ ಸ್ಕಾಚ್ ಪ್ಯಾಡ್. ಪೇಂಟ್ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್, ಉಜ್ಜಿದ ಮೇಲೆ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಒಳ್ಳೆಯ ಮಾಸ್ಕಿಂಗ್ ಟೇಪ್, ಸ್ಕ್ವೀಜಿ (ಸ್ಟಿಕರ್ ಒತ್ತಿ ಕೂರಿಸುವ ಪಟ್ಟಿ), ಹೊಸ ಬ್ಲೇಡ್. ನೇರಳಾತೀತ ಕಿರಣ ತಡೆಯುವ 2ಕೆ ಕ್ಲಿಯರ್ ಮತ್ತು ಅದೇ ಕಂಪನಿಯ ಹಾರ್ಡನರ್, ಥಿನ್ನರ್. 1.3 ಅಥವಾ 1.4 ಮಿಲಿಮೀಟರ್ ನಾಝಲ್‌ನ ಸ್ಪ್ರೇ ಗನ್, ನೀರು ಹಿಡಿಯುವ ಫಿಲ್ಟರ್ ಇರುವ ಕಂಪ್ರೆಸರ್.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಹೆಚ್ಚು; ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಆ ಕಲೆಯ ಮೇಲೆ ಕ್ಲಿಯರ್ ಬಿದ್ದರೆ ಅದು ಶಾಶ್ವತ. ಕೊನೆಯ ತೊಳೆತಕ್ಕೆ ಶುದ್ಧೀಕರಿಸಿದ ಕುಡಿಯುವ ನೀರಿನ ಕ್ಯಾನ್ ಒಂದನ್ನು ಮೀಸಲಿಡಿ.

ಹಂತ 1: ವಿಧಾನ ಆರಿಸಿಕೊಳ್ಳುವುದು

ಇಲ್ಲಿ ಎಡವುವವರು ಬಹಳ. ಕಾರ್ಬನ್ ಕಪ್ಪು. ಮನೆಯ ಪ್ರಿಂಟರಿನ ಶಾಯಿ ಪಾರದರ್ಶಕ, ಅದರಲ್ಲಿ ಬಿಳಿ ಬಣ್ಣವೇ ಇಲ್ಲ. ಪಾರದರ್ಶಕ ಹಾಳೆಯ ಮೇಲೆ ಕೆಂಪು ಲೋಗೊ ಅಚ್ಚು ಹಾಕಿ ಕಾರ್ಬನ್ ಮೇಲೆ ಇಟ್ಟರೆ ಕೆಂಪು ಕಣ್ಮರೆಯಾಗುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಂಡಿದ್ದನ್ನು ನಂಬಬೇಡಿ. ಕಪ್ಪು ರಟ್ಟಿನ ಮೇಲಿಟ್ಟು ನೋಡಿ.

ಬಣ್ಣದ ಕೊರೆಯಚ್ಚು, ಅಂದರೆ ಸ್ಟೆನ್ಸಿಲ್, ನನ್ನ ಮೊದಲ ಆಯ್ಕೆ. ಅಕ್ಷರವನ್ನು ಕತ್ತರಿಸಿ ತೆಗೆದ ಹಾಳೆ ಅಂಟಿಸಿ, ಬಣ್ಣ ಹೊಡೆದು, ಹಾಳೆ ಕೀಳುವುದು. ಕ್ಲಿಯರ್ ಮತ್ತು ಬಣ್ಣದ ನಡುವೆ ಅಂಟು, ಪ್ಲಾಸ್ಟಿಕ್ ಯಾವುದೂ ಉಳಿಯುವುದಿಲ್ಲ. ಒಂದೆರಡು ಬಣ್ಣದ ಲೋಗೊಗೆ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ.

ಕತ್ತರಿಸಿದ ವಿನೈಲ್ ಎರಡನೆಯದು. ರೇಡಿಯಂ ಅಂಗಡಿಗೆ ಹೋಗಿ ಸುಮ್ಮನೆ ಸ್ಟಿಕರ್ ಕೊಡಿ ಎಂದರೆ ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಕೊಡುತ್ತಾರೆ. ಅದು ದಪ್ಪ, ಬಿಸಿಲಿಗೆ ಕುಗ್ಗುತ್ತದೆ. ಕುಗ್ಗುವಾಗ ಅಂಚಿನ ಕ್ಲಿಯರನ್ನು ಎಳೆದು ಬಿರುಕು ಬಿಡಿಸುತ್ತದೆ. ಕಾಸ್ಟ್ ವಿನೈಲ್ ಬೇಕೆಂದು ಬಾಯಿಬಿಟ್ಟು ಕೇಳಿ. ಅದರ ದಪ್ಪ ಸುಮಾರು 50 ಮೈಕ್ರಾನ್. ರಾತ್ರಿ ಹೊಳೆಯುವ ರಿಫ್ಲೆಕ್ಟಿವ್ ಹಾಳೆಯನ್ನು ಕ್ಲಿಯರ್ ಕೆಳಗೆ ಹೂಳುವ ಯೋಚನೆಯೇ ಬೇಡ, ಅದು ದಪ್ಪ.

ವಾಟರ್‌ಸ್ಲೈಡ್ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಹಾಳೆ, ಸಣ್ಣ ಅಕ್ಷರ ಮತ್ತು ಹಲವು ಬಣ್ಣದ ಚಿತ್ರಕ್ಕೆ. ಬಿಳಿ ಹಿನ್ನೆಲೆಯ ಹಾಳೆಯನ್ನೇ ತನ್ನಿ.

ಇನ್ನೊಂದು ದಾರಿ ತೆಳು ಟಿಶ್ಯೂ ಕಾಗದದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಿ ರಾಳದೊಳಗೆ ಹೂಳುವುದು. ರಾಳ ಹೀರಿದ ಕಾಗದ ಮಾಯವಾಗುತ್ತದೆ, ದಟ್ಟ ಬಿಳಿ ಶಾಯಿ ಉಳಿಯುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಕೆಲಸದ ಜೊತೆಗೆ ಬಟ್ಟೆಯ ಮೇಲೆ ಅಚ್ಚು ಹಾಕುವವರೂ ಇದ್ದಾರೆ. ಆದರೆ ಬಟ್ಟೆಗೆ ಬಳಸುವ ಪ್ಲಾಸ್ಟಿಸಾಲ್ ಶಾಯಿ ಸುಮಾರು 160 ಡಿಗ್ರಿ ಬಿಸಿ ಕಾಣದೆ ಗಟ್ಟಿಯಾಗುವುದಿಲ್ಲ, ಅದಕ್ಕೆ ರಾಳವೂ ಹಿಡಿಯುವುದಿಲ್ಲ. ಮದುವೆ ಪತ್ರಿಕೆ, ಪ್ಲಾಸ್ಟಿಕ್ ಫಲಕಗಳಿಗೆ ಅಚ್ಚು ಹಾಕುವವರ ಬಳಿ ಮಾಡಿಸಿ, ಒಂದು ತುಂಡನ್ನು ರಾಳದಲ್ಲಿ ಅದ್ದಿ ಶಾಯಿ ಹರಡುತ್ತದೆಯೇ ನೋಡಿಕೊಂಡು ಮುಂದುವರಿಯಿರಿ.

ಲೋಹದ ಬ್ಯಾಡ್ಜ್ ಬೇಕೆನ್ನುವವರಿಗೆ: ಅಲ್ಯೂಮಿನಿಯಂ ನೇರವಾಗಿ ಕಾರ್ಬನ್ನಿಗೆ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ನಡುವೆ ದಪ್ಪ ಅಂಟು ಟೇಪ್ ಇರಲೇಬೇಕು. ಬ್ಯಾಡ್ಜ್ ಕೂರಿಸಲು ತೂತು ಕೊರೆಯಬೇಡಿ. ಕಡಿದ ನೂಲು ಮತ್ತೆ ಕೂಡುವುದಿಲ್ಲ.

ಹಂತ 2: ಭಾಗ ಗಟ್ಟಿಯಿದೆಯೇ, ಬಿಸಿಲು ಕಂಡಿದೆಯೇ?

ನಾಣ್ಯದಿಂದ ಮೈಯುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ಒಂದು ಕಡೆ ಸದ್ದು ಮಂಕಾದರೆ ಒಳಗೆ ಪದರ ಬಿಟ್ಟಿರಬಹುದು. ಅಂಥ ತೋಳಿಗೆ ಲೋಗೊ ಹಾಕಿ ಬಿರುಕು ಮುಚ್ಚುವುದು ಅಪಾಯ. ಹತ್ತು ಲೀಟರ್ ಔಷಧಿ ಹೊತ್ತ ಡ್ರೋನ್ ಕೆಳಗೆ ಗದ್ದೆಯಲ್ಲಿ ಜನ ಇರುತ್ತಾರೆ.

ಬೇರೆ ಊರಿನವರ ಪಾಠಗಳಲ್ಲಿ ಸಿಗದ, ನಮ್ಮಲ್ಲಿ ಬಿಡಲೇಬಾರದ ಸಂಗತಿ ಮುಂದಿನದು. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಅನೇಕವು 50ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗತೊಡಗುತ್ತವೆ. ಏಪ್ರಿಲ್‌-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಗಾಳಿಯ ಬಿಸಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿಟ್ಟ ಕಪ್ಪು ಭಾಗ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ, ಕೈಯಿಡಲು ಆಗುವುದಿಲ್ಲ. ಆಗ ರಾಳ ಇನ್ನಷ್ಟು ಕುಗ್ಗಿ, ನೇಯ್ಗೆಯ ಗೆರೆಗಳು ಮೇಲೆದ್ದು ಕಾಣುತ್ತವೆ. ಲೋಗೊ ಮುಗಿದ ಮೇಲೆ ಹೀಗಾದರೆ ಅಕ್ಷರದ ಮೇಲೂ ನೇಯ್ಗೆ ಮೂಡುತ್ತದೆ.

ಆದ್ದರಿಂದ ಹೊಸ ಭಾಗ ಕುಗ್ಗುವಷ್ಟು ಕುಗ್ಗುವುದು ಲೋಗೊ ಹಾಕುವ ಮೊದಲೇ ಆಗಿಬಿಡಬೇಕು. ರಾಳದ ಕಂಪನಿ ಹೇಳಿದ ಬಿಸಿ-ಹದ ಗೊತ್ತಿದ್ದರೆ ಅದರಂತೆ ನಿಧಾನವಾಗಿ ಬಿಸಿ ಏರಿಸಿ. ಇಲ್ಲದಿದ್ದರೆ ಕೆಲವು ದಿನ ಬಿಸಿಲಿಗಿಡಿ, ಆದರೆ ಸೊಟ್ಟಗಾಗದಂತೆ ಅಚ್ಚಿನಲ್ಲೋ ಸಮತಟ್ಟಾದ ಆಧಾರದ ಮೇಲೋ ಇರಲಿ.

ಹಂತ 3: ತೊಳೆಯುವುದು, ಉಜ್ಜುವ ಮೊದಲು

ಅಚ್ಚಿನಿಂದ ಬಿಡಿಸಿದ ಭಾಗದ ಮೇಲೆ ಅಚ್ಚಿಗೆ ಹಚ್ಚಿದ ಮೇಣ ಉಳಿದಿರುತ್ತದೆ. ತೊಳೆಯದೆ ಉಜ್ಜಿದರೆ ಎಮರಿ ಕಾಗದ ಮೇಣವನ್ನು ಗೀರುಗಳೊಳಗೆ ತುಂಬುತ್ತದೆ. ಆಮೇಲೆ ಏನು ಮಾಡಿದರೂ ಹೋಗದು. ಮೊದಲು ಬಿಸಿ ಸಾಬೂನು ನೀರು ಮತ್ತು ಸ್ಕಾಚ್ ಪ್ಯಾಡ್. ಹೊಸ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಜಿಗುಟಾದ ಪೊರೆ ಕೂರುತ್ತದೆ, ಅದು ನೀರಿಗೆ ಕರಗುತ್ತದೆ, ಥಿನ್ನರಿಗಲ್ಲ. ಆಮೇಲೆ ವ್ಯಾಕ್ಸ್ ರಿಮೂವರ್: ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಬಟ್ಟೆಯಲ್ಲಿ ತಿಕ್ಕುತ್ತಿದ್ದರೆ ಮೇಣ ಜಾಗ ಬದಲಿಸುತ್ತದೆ, ಅಷ್ಟೇ.

ಪರೀಕ್ಷೆ ಸುಲಭ. ನೀರು ಚಿಮುಕಿಸಿ. ನೀರು ತೆಳ್ಳಗೆ ಹಾಳೆಯಂತೆ ಹರಡಿ ನಿಂತರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾದರೆ ಮತ್ತೆ ತೊಳೆಯಿರಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಹಂತ 4: ಉಜ್ಜುವುದು

ಬರೀ ರಾಳದ ಮೈಗೆ 400, ಮೊದಲೇ ಕ್ಲಿಯರ್ ಇದ್ದ ಮೈಗೆ 600 ಅಥವಾ 800. ಬ್ಲಾಕ್ ಇಟ್ಟು, ನೀರು ಹರಿಸುತ್ತಾ, ಹಗುರಾಗಿ. ಹೊಳಪು ಪೂರ್ತಿ ಸತ್ತು ಮೈಯೆಲ್ಲ ಒಂದೇ ಮಂಕು ಬಣ್ಣಕ್ಕೆ ಬರಬೇಕು. ಓರೆ ಬೆಳಕಿನಲ್ಲಿ ಹಿಡಿದು ನೋಡಿದಾಗ ಮಿನುಗುವ ಚುಕ್ಕಿ ಕಂಡರೆ ಅಲ್ಲಿ ಕಾಗದ ತಾಗಿಲ್ಲ.

ಕಣ್ಣು ನೀರಿನ ಮೇಲಿರಲಿ. ಉಜ್ಜುವಾಗ ಇಳಿಯುವ ನೀರು ಹಾಲಿನಂತೆ ಬೆಳ್ಳಗಿರುವವರೆಗೆ ನೀವು ಕ್ಲಿಯರ್ ಅಥವಾ ರಾಳದಲ್ಲಿದ್ದೀರಿ. ನೀರು ಬೂದು ಬಣ್ಣವಾಗಿ ಕಪ್ಪಿಗೆ ತಿರುಗಿತೆಂದರೆ ನೂಲು ತಾಗಿತು. ಆ ಕ್ಷಣವೇ ಕೈ ತೆಗೆಯಿರಿ. ಅಂಚು, ಮೂಲೆಗಳಲ್ಲಿ ರಾಳ ತೆಳ್ಳಗಿರುತ್ತದೆ, ಅಲ್ಲೇ ಮೊದಲು ಹೀಗಾಗುತ್ತದೆ. ಅಂಚಿಗೆ ಟೇಪ್ ಹಚ್ಚಿ ಉಜ್ಜಿ, ಕೊನೆಯಲ್ಲಿ ಟೇಪ್ ತೆಗೆದು ಸ್ಕಾಚ್ ಪ್ಯಾಡಿನಿಂದ ಎರಡು ಸಲ ಸವರಿದರೆ ಸಾಕು.

ಹಂತ 5: ಕೆಳಗಿನ ಕ್ಲಿಯರ್

ಕಿನ್ನಾಳದ ಗೊಂಬೆಗಳನ್ನು ಮಾಡುವುದನ್ನು ನೋಡಿದವರಿಗೆ ಈ ಹಂತದ ಬೆಲೆ ತಿಳಿಯುತ್ತದೆ. ಅಲ್ಲಿ ಮರದ ಮೈಗೆ ಲೇಪ ಹಚ್ಚಿ ಸಮ ಮಾಡಿದ ಮೇಲೆಯೇ ಬಣ್ಣದ ಕುಂಚ ಎತ್ತುವುದು. ನಮ್ಮ ಲೇಪ ಈ ಕ್ಲಿಯರ್.

ಡಬ್ಬಿಯ ಮೇಲಿನ ಅಳತೆಯಂತೆ ಹಾರ್ಡನರ್ ಬೆರೆಸಿ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಪದರ ಪೆಡಸಾಗುತ್ತದೆ. ಎರಡು ಕೋಟ್ ಹೊಡೆಯಿರಿ, ನಡುವೆ 10ರಿಂದ 15 ನಿಮಿಷ. ಡ್ರೋನಿನ ತೋಳಾದರೆ ಕ್ಲಾಂಪ್ ಹಿಡಿಯುವ ಜಾಗವನ್ನು ಟೇಪಿನಿಂದ ಮುಚ್ಚಿ. ಅಲ್ಲಿನ ಕ್ಲಿಯರ್ ಒತ್ತಡಕ್ಕೆ ಒಡೆದು ಸಿಪ್ಪೆ ಅಲ್ಲಿಂದಲೇ ಏಳತೊಡಗುತ್ತದೆ. ನಾಲ್ಕೂ ತೋಳಿಗೆ ಅಷ್ಟಷ್ಟೇ ಕೋಟ್ ಬೀಳಲಿ, ತೂಕ ಏರುಪೇರಾಗಬಾರದು.

ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಕೆಲಸ ಮುಗಿಸಿ, ನಿಧಾನ ಥಿನ್ನರ್, ಅಂದರೆ ತಡವಾಗಿ ಆರುವುದನ್ನು, ಕೇಳಿ ತನ್ನಿ. ಮಧ್ಯಾಹ್ನ ಹೊಡೆದರೆ ಹನಿ ಮೈ ಮುಟ್ಟುವ ಮೊದಲೇ ಅರ್ಧ ಒಣಗಿ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಳೆಗಾಲದ ತೇವದಲ್ಲಿ ವೇಗದ ಥಿನ್ನರ್ ಬಳಸಿದರೆ ಮೈ ಬೆಳ್ಳಗೆ ಮಂಜಾಗುತ್ತದೆ. ಇನ್ನು ಕೆಂಪು ಧೂಳು: ಸಂಡೂರು, ತೋರಣಗಲ್ಲು ಕಡೆಯವರಿಗೆ ಹೇಳಬೇಕಾಗಿಲ್ಲ. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಹದಿನೈದು ನಿಮಿಷ ಬಿಟ್ಟು ಶುರು ಮಾಡಿ.

ಸಣ್ಣ ಕುಳಿ, ವೃತ್ತಾಕಾರದ ಗುಳಿ ಕಂಡರೆ ಕೆಳಗೆ ಮೇಣವೋ ಸಿಲಿಕೋನೋ ಉಳಿದಿದೆ. ಮೇಲೆ ಇನ್ನಷ್ಟು ಕ್ಲಿಯರ್ ಸುರಿದು ಮುಚ್ಚಲು ಹೋಗಬೇಡಿ. ಒಣಗಲು ಬಿಟ್ಟು, ಉಜ್ಜಿ, ಹಂತ 3ಕ್ಕೆ ಮರಳಿ. ಎಲ್ಲ ಸರಿಯಿದ್ದರೆ 24 ಗಂಟೆ ಬಿಟ್ಟು 800ರಲ್ಲಿ ಉಜ್ಜಿ, ಒರೆಸಿ.

ಹಂತ 6: ಲೋಗೊ

ಜಾಗ ಗುರುತಿಸುವಾಗ ನೇಯ್ಗೆಯ ಗೆರೆಯನ್ನು ನಂಬಬೇಡಿ. ಟ್ವಿಲ್ ನೇಯ್ಗೆಯ ಓರೆ ಗೆರೆಗಳು ಕಣ್ಣಿಗೆ ಮೋಸ ಮಾಡಿ, ನೇರವಾದ ಅಕ್ಷರವನ್ನೂ ವಾಲಿದಂತೆ ತೋರಿಸುತ್ತವೆ. ಭಾಗದ ಮಧ್ಯರೇಖೆ ಅಳೆದು ತೆಳು ಟೇಪಿನಿಂದ ಗುರುತು ಹಾಕಿ. ಕೊಳವೆಗೆ ಕಾಗದ ಸುತ್ತಿದರೆ ಸುತ್ತಳತೆಯ ಗೆರೆ ನೇರವಾಗಿ ಸಿಗುತ್ತದೆ.

*ಸ್ಟೆನ್ಸಿಲ್.* ಹಾಳೆ ಅಂಟಿಸಿ, ಅಕ್ಷರದ ಅಂಚುಗಳನ್ನು ಉಗುರಿನಿಂದ ಒತ್ತಿ. ಬಣ್ಣಕ್ಕೆ ಮೊದಲು ಅಂಚುಗಳ ಮೇಲೆ ಒಂದು ತೆಳು ಕ್ಲಿಯರ್ ಹೊಡೆಯಿರಿ (ಗಾಳಿ ತರುವ ಮುಖವಾಡ ಇಲ್ಲದವರು ಇದನ್ನೂ ಗ್ಯಾರೇಜಿಗೇ ಬಿಡಿ). ಹಾಳೆಯ ಕೆಳಗೆ ಏನಾದರೂ ನುಸುಳುವುದಿದ್ದರೆ ಈ ಕ್ಲಿಯರ್ ನುಸುಳಿ ದಾರಿ ಮುಚ್ಚುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ಆಮೇಲೆ ಬಣ್ಣ ಎರಡು-ಮೂರು ತೆಳು ಕೋಟ್. ಬಣ್ಣ ಯಾವುದೇ ಇರಲಿ, ಕೆಳಗೆ ಬಿಳಿ ಹೋಗಲಿ, ಆಗಲೇ ಅದು ಕಪ್ಪಿನ ಮೇಲೆ ಬೆಳಗುವುದು. ಬೆರಳಿಗೆ ಅಂಟದಷ್ಟು ಒಣಗಿದಾಗ, ಗಟ್ಟಿಯಾಗುವ ಮೊದಲು, ಹಾಳೆಯನ್ನು ಅದರ ಮೇಲೆಯೇ ಮಡಚಿದಂತೆ ಹಿಂದಕ್ಕೆ ಎಳೆಯುತ್ತಾ ಕೀಳಿ. ಮರುದಿನಕ್ಕೆ ಬಿಟ್ಟರೆ ಅಂಚು ಹಲ್ಲುಹಲ್ಲಾಗಿ ಹರಿಯುತ್ತದೆ.

*ವಿನೈಲ್.* ಕತ್ತರಿಸುವಾಗಲೇ ಚೂಪು ಮೂಲೆಗಳನ್ನು ಸ್ವಲ್ಪ ದುಂಡಾಗಿಸಲು ಹೇಳಿ, ಏಳುವುದು ಮೂಲೆಯಿಂದಲೇ. ಗಾಜಿನ ಮೇಲೆ ಸ್ಟಿಕರ್ ಹಚ್ಚುವವರು ಸಾಬೂನು ನೀರು ಚಿಮುಕಿಸುತ್ತಾರೆ. ಮೇಲೆ ಕ್ಲಿಯರ್ ಬೀಳುವುದಿದ್ದರೆ ಅದು ಬೇಡ, ಸಾಬೂನು ಅಂಚಿನಲ್ಲಿ ಉಳಿದು ಕ್ಲಿಯರನ್ನು ದೂರ ತಳ್ಳುತ್ತದೆ. ನೀರಿಲ್ಲದೆಯೇ, ಮಧ್ಯದಿಂದ ಹೊರಕ್ಕೆ ಸ್ಕ್ವೀಜಿ ಎಳೆದು ಕೂರಿಸಿ. ಗುಳ್ಳೆ ಉಳಿದರೆ ಸೂಜಿಯಲ್ಲಿ ಚುಚ್ಚಿ ಒತ್ತಿ. ಒಂದು ರಾತ್ರಿ ಬಿಡಿ. ಅಡಗಿದ್ದ ಗುಳ್ಳೆಗಳು ಬೆಳಿಗ್ಗೆ ಮೇಲೆ ಬಂದಿರುತ್ತವೆ. ಕ್ಲಿಯರಿಗೆ ಮೊದಲು ವಿನೈಲಿನ ಹೊಳಪನ್ನು ಸ್ಕಾಚ್ ಪ್ಯಾಡಿನಿಂದ ಹೂವು ಸವರಿದಂತೆ ತೆಗೆದು ಒರೆಸಿ.

*ವಾಟರ್‌ಸ್ಲೈಡ್.* ಇಂಕ್‌ಜೆಟ್‌ನಲ್ಲಿ ಅಚ್ಚು ಹಾಕಿದ್ದರೆ ಮೊದಲು ಅಕ್ರಿಲಿಕ್ ಸ್ಪ್ರೇ ಎರಡು-ಮೂರು ತೆಳು ಕೋಟ್, ಇಲ್ಲದಿದ್ದರೆ ಶಾಯಿ ನೀರಿಗೆ ಕರಗಿ ಹೋಗುತ್ತದೆ. ಶುದ್ಧ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ನೆನೆಸಿ, ಭಾಗದ ಮೈಯನ್ನೂ ಒದ್ದೆ ಮಾಡಿ ಜಾರಿಸಿ. ನಮ್ಮ ಬಿಸಿಲಿನಲ್ಲಿ ಒದ್ದೆ ಮಾಡದಿದ್ದರೆ ಸರಿಹೊಂದಿಸುವ ಮೊದಲೇ ಹಾಳೆ ಹಿಡಿದುಕೊಳ್ಳುತ್ತದೆ. ನೀರನ್ನೆಲ್ಲ ಒತ್ತಿ ತೆಗೆದು 24 ಗಂಟೆ ಒಣಗಲು ಬಿಡಿ. ಒಳಗೆ ಉಳಿದ ನೀರು ಬಿಸಿಗೆ ಆವಿಯಾಗಿ ಗುಳ್ಳೆಯೆಬ್ಬಿಸುತ್ತದೆ.

ಭಾಗವನ್ನು ನೀವೇ ಅಚ್ಚಿನಲ್ಲಿ ಮಾಡುವವರಾದರೆ ಎಲ್ಲವೂ ತಿರುವುಮುರುವು: ಮೊದಲು ಪಾರದರ್ಶಕ ಜೆಲ್‌ಕೋಟ್ (ಅಚ್ಚಿಗೆ ಮೊದಲು ಬಳಿಯುವ ಹೊರಮೈಯ ರಾಳ), ಅದರ ಮೇಲೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಕ್ಷರದ ಬಣ್ಣ, ಬಣ್ಣದ ಹಿಂದೆ ಬಿಳಿ, ಕೊನೆಗೆ ಕಾರ್ಬನ್.

ಹಂತ 7: ಮೇಲಿನ ಕ್ಲಿಯರ್, ಅಂಚು ಮರೆಯಾಗುವವರೆಗೆ

ಮೊದಲ ಎರಡು ಕೋಟ್ ಮಂಜಿನ ಹಾಗೆ ತೆಳ್ಳಗೆ ಬೀಳಲಿ. ಒಮ್ಮೆಗೇ ಒದ್ದೆಯಾಗುವಂತೆ ಹೊಡೆದರೆ ಥಿನ್ನರ್ ವಿನೈಲಿನ ಅಂಟಿಗೆ ಇಳಿದು ಅಂಚು ಸುರುಳಿಯಾಗುತ್ತದೆ, ವಾಟರ್‌ಸ್ಲೈಡ್ ಹಾಳೆ ಸುಕ್ಕಾಗುತ್ತದೆ. ಸುಕ್ಕು ಕಂಡರೆ ಅಲ್ಲೇ ನಿಲ್ಲಿಸಿ.

ಆಮೇಲೆ ಒದ್ದೆ ಕೋಟ್‌ಗಳು. ಲೆಕ್ಕ ಹೀಗೆ: ಎರಡು ಒದ್ದೆ ಕೋಟ್ ಒಣಗಿದಾಗ ಸುಮಾರು 50 ಮೈಕ್ರಾನ್ ಆಗುತ್ತದೆ. ಕಾಸ್ಟ್ ವಿನೈಲ್ ಕೂಡ ಅಷ್ಟೇ. ಎರಡೇ ಕೋಟ್ ಹೊಡೆದು ಅಂಚನ್ನು ಸಮ ಮಾಡಲು ಹೊರಟರೆ ಎಮರಿ ಕಾಗದ ನೇರವಾಗಿ ವಿನೈಲಿಗೆ ತಾಗುತ್ತದೆ. ನಾಲ್ಕು ಕೋಟ್ ಬೇಕು, ಎರಡು ಸರದಿಯಲ್ಲಿ: ಇಂದು ಎರಡು, 24 ಗಂಟೆಯ ನಂತರ 800ರಲ್ಲಿ ಹಗುರಾಗಿ ಸಮ ಮಾಡುವುದು, ಮತ್ತೆ ಎರಡು. ಒಂದೇ ದಿನ ನಾಲ್ಕೂ ಹೊಡೆದರೆ ಒಳಗೆ ಥಿನ್ನರ್ ಸಿಕ್ಕಿಬೀಳುತ್ತದೆ. ಮೊದಲ ಬಿಸಿಲಿಗೆ ಮೈತುಂಬ ಸಾಸಿವೆ ಕಾಳಿನಂಥ ಗುಳ್ಳೆ. ಸ್ಟೆನ್ಸಿಲ್ ಬಣ್ಣಕ್ಕೆ ಎರಡು-ಮೂರು ಕೋಟ್ ಸಾಕು.

ಸಮ ಮಾಡುವಾಗಲೂ ನೀರನ್ನೇ ನೋಡಿ. ಬಿಳಿ ನೀರಿನಲ್ಲಿ ಲೋಗೊದ ಬಣ್ಣದ ಎಳೆ ಕಂಡರೆ ಕ್ಲಿಯರ್ ಮುಗಿಯಿತು ಎಂದರ್ಥ. ಬಿಳಿ ಲೋಗೊ ಆದರೆ ಈ ಸೂಚನೆ ಸಿಗುವುದಿಲ್ಲ; ಬೆರಳ ತುದಿಯಿಂದ ಅಂಚನ್ನು ಮುಟ್ಟಿ ನೋಡುತ್ತಾ ಹೋಗಿ, ಮೆಟ್ಟಿಲು ತಿಳಿಯದಾದ ಕೂಡಲೇ ನಿಲ್ಲಿಸಿ.

ಹಂತ 8: ಹೊಳಪು, ಆಮೇಲಿನ ಕಾಯುವಿಕೆ

ಕೊನೆಯ ಕೋಟ್ ಆದ ಮೇಲೆ ಕನಿಷ್ಠ ಎರಡು ದಿನ ಬಿಟ್ಟು 1500, 2000ರಲ್ಲಿ ಉಜ್ಜಿ ರಬ್ಬಿಂಗ್ ಕಾಂಪೌಂಡ್ ಹಾಕಿ. ಮ್ಯಾಟ್ ಕ್ಲಿಯರ್ ಹೊಡೆದವರು ಈ ಕೆಲಸ ಮಾಡಬಾರದು. ತಿಕ್ಕಿದ ಜಾಗ ಹೊಳೆದು ಮಚ್ಚೆಯಾಗುತ್ತದೆ, ಮತ್ತೆ ಹೊಡೆಯುವುದೊಂದೇ ದಾರಿ.

ಏಳು ದಿನ ತೊಳೆಯಬೇಡಿ, ಪೆಟ್ರೋಲ್ ತಾಗಿಸಬೇಡಿ, ಡ್ರೋನಾದರೆ ಔಷಧಿ ಸಿಂಪಡಣೆಗೆ ಒಯ್ಯಬೇಡಿ. ಇ.ಸಿ. ಎಂದು ಬರೆದ ಕೀಟನಾಶಕಗಳಲ್ಲಿ ಬಲವಾದ ದ್ರಾವಕ ಇರುತ್ತದೆ, ಪೂರ್ತಿ ಗಟ್ಟಿಯಾಗದ ಕ್ಲಿಯರನ್ನು ಅದು ಮೆತ್ತಗೆ ಮಾಡುತ್ತದೆ. ಗಟ್ಟಿಯಾದ ಮೇಲೂ ಪ್ರತಿ ಸಿಂಪಡಣೆಯ ಸಂಜೆ ಸಾದಾ ನೀರಿನಲ್ಲಿ ತೋಳು ಒರೆಸಿ.

ತಿಂಗಳಿಗೊಮ್ಮೆ ಓರೆ ಬೆಳಕಿನಲ್ಲಿ ಅಕ್ಷರದ ಅಂಚುಗಳನ್ನು ನೋಡಿ. ಅಂಚಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಅಲ್ಲಿ ಕ್ಲಿಯರ್ ಬಿಡತೊಡಗಿದೆ. ಆಗಲೇ ಆ ಜಾಗವನ್ನು ಬ್ಲೇಡಿನಿಂದ ಬಿಡಿಸಿ, ಗಟ್ಟಿ ಅಂಚು ಸಿಗುವವರೆಗೆ 800ರಲ್ಲಿ ಇಳಿಜಾರಾಗಿ ಉಜ್ಜಿ, ಒರೆಸಿ, ಸುತ್ತ ಎರಡು ಬೆರಳಗಲ ಹೆಚ್ಚಿಗೆ ಬರುವಂತೆ ಕ್ಲಿಯರ್ ಹೊಡೆದರೆ ಲೋಗೊ ಉಳಿಯುತ್ತದೆ. ಗೆರೆಯೊಳಗೆ ಒಮ್ಮೆ ಕೆಂಪು ಧೂಳು ಸೇರಿದ ಮೇಲೆ ಅದನ್ನು ತೆಗೆಯಲಾಗದು. ಪೂರ್ತಿ ಬಿಡಿಸಿ ಹಂತ 3ರಿಂದ ಮತ್ತೆ ಹಿಡಿಯಬೇಕು.